ಈ-ಚಿಂಗ್ ನಾಣ್ಯದ ಸೆಟ್: ನಾಣ್ಯ ಚೆನ್ನ, ಕೈಪಿಡಿ ತಲೆಕೆಳಗು

ಈ-ಚಿಂಗ್ ಎಂದರೆ ಶಕುನ ನೋಡುವ ಚೀನಾದ ಹಳೆಯ ಗ್ರಂಥ. ಸೆಟ್‌ನಲ್ಲಿ ಮೂರು ನಾಣ್ಯ, 64 ಕಾರ್ಡು. ಅಕ್ಷರದ ಬದಿಗೆ 2, ಇನ್ನೊಂದಕ್ಕೆ 3, ಮೂರನ್ನೂ ಕೂಡಿ ಎಂಬ ಲೆಕ್ಕ ಸರಿಯಾಗಿದೆ. ಒಂದು ಎಸೆತಕ್ಕೆ ಒಂದು ಗೆರೆ, ಆರು ಗೆರೆಗೆ ಒಂದು ಚಿಹ್ನೆ. ಎಡವಟ್ಟಾಗಿರುವುದು ಗೆರೆ ಎಣಿಸುವಲ್ಲಿ. ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಕೈಪಿಡಿ ಮೇಲಿನಿಂದ ಶುರು ಮಾಡುತ್ತದೆ.

28ನೇ ಚಿಹ್ನೆ 'ದಾ ಗುವೊ' ನೋಡಿ. ನಡುವೆ ನಾಲ್ಕು ಅಖಂಡ ಯಾಂಗ್ ಗೆರೆ, ಎರಡೂ ತುದಿಗೆ ಮುರಿದ ಯಿನ್: ನಡುಭಾರಕ್ಕೆ ಬಗ್ಗಿದ ಚಾವಣಿಯ ತೊಲೆ. ತಿರುಗಿಸಿದರೂ ಆಕಾರ ಅದೇ, ಹಾಗಾಗಿ ತಪ್ಪು ಕಣ್ಣಿಗೇ ಬೀಳಲ್ಲ. ಆದರೆ ಮೊತ್ತ 9 ಬಿದ್ದ ಯಾಂಗ್ ಗೆರೆ ಯಿನ್ ಆಗಿ ಬದಲಾಗಿ ಬೇರೆ ಚಿಹ್ನೆ ಕೊಡುತ್ತದೆ. 9 ಬಿದ್ದದ್ದು ಮೂರನೇ ಗೆರೆಗಾದರೆ ತೊಲೆ ಬಾಗಿ ಕೇಡು, ಮುಂದಿನ ಚಿಹ್ನೆ 47. ನಾಲ್ಕನೆಯದಕ್ಕಾದರೆ ತೊಲೆ ಎದ್ದು ಶುಭ, 48. ಫಲ ಪೂರ್ತಿ ಉಲ್ಟಾ! ನಾಣ್ಯ ಇಟ್ಟುಕೊಳ್ಳಿ, ಕೈಪಿಡಿ ರದ್ದಿಗೆ ಹಾಕಿ.