ಚೀಸ್ ಪ್ಲ್ಯಾಟರ್ ಆರ್ಡರ್ ಮಾಡ್ತೀರಾ? ಮೊದಲು ಪ್ಯಾಕೆಟ್ ಫೋಟೋ ಕೇಳಿ

ನಮ್ಮ ಅತ್ತೆ ಮಾವನ ಮದುವೆಗೆ 40 ವರ್ಷ ತುಂಬಿತು ಅಂತ ಜುಲೈನಲ್ಲಿ ಚಿಕ್ಕಮಗಳೂರಿನ ಮನೆಯಲ್ಲೇ ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಂಡಿದ್ದೆವು. ಮೂವತ್ತು ಜನ. ರಾತ್ರಿ ಊಟಕ್ಕೆ ಅಡುಗೆಯವರನ್ನು ಗೊತ್ತು ಮಾಡಿ ಆಗಿತ್ತು. ಸಂಜೆ ಬಂದವರ ಕೈಗೆ ಏನು ಕೊಡುವುದು ಅನ್ನುವಲ್ಲಿ ನಾನು ಜಾಣತನ ತೋರಿಸಲು ಹೋದೆ. ಧೋ ಅಂತ ಮಳೆ ಸುರಿಯುವಾಗ ಬಿಸಿ ಬೋಂಡ, ಕಾಫಿ ಕೊಟ್ಟಿದ್ದರೆ ಎಲ್ಲರೂ ಖುಷಿಯಾಗಿ ತಿನ್ನುತ್ತಿದ್ದರು. ಆದರೆ ಬೆಂಗಳೂರಿನಲ್ಲಿ ನಾದಿನಿ ಮನೆಯ ಪಾರ್ಟಿಯಲ್ಲಿ ಚೀಸ್, ಕ್ರ್ಯಾಕರ್ ಅನ್ನುವ ತೆಳು ಗರಿಗರಿ ಬಿಸ್ಕತ್ತು, ದ್ರಾಕ್ಷಿ ಎಲ್ಲ ಜೋಡಿಸಿದ ಮರದ ಹಲಗೆ ನೋಡಿ ಬಂದಿದ್ದೆ. ಅದೇ ಬೇಕು ಅನ್ನಿಸಿಬಿಟ್ಟಿತ್ತು.

ಇನ್‌ಸ್ಟಾಗ್ರಾಮ್‌ನಲ್ಲಿ ಹುಡುಕಿದಾಗ ಹಾಸನದಲ್ಲಿ ಮನೆಯಿಂದಲೇ ಮಾಡಿ ಕಳಿಸುವವರು ಒಬ್ಬರು ಸಿಕ್ಕರು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅವರೊಬ್ಬರನ್ನು ಬಿಟ್ಟು, ಇನ್ನೊಬ್ಬರ ಹತ್ತಿರ ನನ್ನ ಹಾಗೇ ಮೋಸ ಹೋಗುತ್ತೀರಿ. ಫೋಟೋಗಳು ಮಾತ್ರ ಏನು ಚೆಂದ! ನಾಲ್ಕು ಬಗೆ ಚೀಸ್: ಚೆಡ್ಡಾರ್, ಗೌಡಾ, ಬ್ರೀ, ಪಾರ್ಮೆಸಾನ್. ಮೂರು ಬಗೆ ಕ್ರ್ಯಾಕರ್, ದ್ರಾಕ್ಷಿ, ಅಂಜೂರ, ಗೋಡಂಬಿ. ಒಟ್ಟು 3 ಕೆಜಿ, 8,500 ರೂಪಾಯಿ, ಅರ್ಧ ಮುಂಗಡ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಪೂರ್ತಿ ವೆಜ್ ತಾನೇ?" ಮಾವನ ಅಕ್ಕ, ನಮ್ಮ ದೊಡ್ಡತ್ತೆ ಬರುವವರಿದ್ದರು. ಹೋಟೆಲಿನಲ್ಲಿ ನೀರೂ ಕುಡಿಯದವರು. ಕೇಕಿಗೆ ಮೊಟ್ಟೆ ಹಾಕಿಲ್ಲ ಅಂತ ಮೂರು ಸಲ ಹೇಳಿದರೂ ಮುಟ್ಟುವುದಿಲ್ಲ.

"ಹಂಡ್ರೆಡ್ ಪರ್ಸೆಂಟ್ ವೆಜ್ ಮೇಡಂ. ಚೀಸ್ ಹಾಲಿಂದ ಮಾಡೋದಲ್ವಾ?"

ನನಗೂ ಸರಿ ಅನ್ನಿಸಿತು. ದುಡ್ಡು ಹಾಕಿದೆ.

ಸಂಜೆ ಆರೂವರೆಗೆ ಕಾರ್ಯಕ್ರಮ. ಡಬ್ಬ ಮಧ್ಯಾಹ್ನ ಎರಡಕ್ಕೇ ಬಂತು. ಹಾಸನದಿಂದ ಇಲ್ಲಿಗೆ ಸುಮಾರು 60 ಕಿಲೋಮೀಟರ್. ಕಾರಿನ ಡಿಕ್ಕಿಯಲ್ಲಿ ಸಾಮಾನಿನ ಜೊತೆ ಬಂದಿತ್ತು, ಐಸ್ ಗೀಸ್ ಏನೂ ಇಲ್ಲ. "ಫ್ರಿಜ್‌ನಲ್ಲಿ ಇಡಿ ಮೇಡಂ" ಅಂತ ಡ್ರೈವರ್ ಹೇಳಿ ಹೋದ. ಹಲಗೆ ಎರಡಡಿ ಉದ್ದ ಇದೆ. ಫ್ರಿಜ್‌ನ ತಟ್ಟೆಗಳನ್ನೆಲ್ಲ ತೆಗೆದರೂ ಅಡ್ಡಡ್ಡ ಹಿಡಿಯಲಿಲ್ಲ. ಮೂರು ಗಂಟೆಗೆ ಕರೆಂಟೂ ಹೋಯಿತು. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಅದೇನು ಹೊಸದಲ್ಲ ಬಿಡಿ. ಹಿಂದಿನ ಸಾಮಾನಿನ ಕೋಣೆ ತಣ್ಣಗಿರುತ್ತದೆ ಅಂತ ಅಲ್ಲಿಟ್ಟು ಬಾಗಿಲು ಹಾಕಿದೆ. ಇದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ. ಬ್ರೀ ಥರದ ಮೆತ್ತನೆಯ ಚೀಸನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು. ಫ್ರಿಜ್‌ನಲ್ಲಿ 5 ಡಿಗ್ರಿಗಿಂತ ಕೆಳಗಿರಬೇಕು. ನಮ್ಮ ಕೋಣೆ ಕೈಗೆ ತಣ್ಣಗನ್ನಿಸಿದರೆ ಸಾಲದು.

ಆರು ಗಂಟೆಗೆ ಮೇಲಿನ ಪ್ಲಾಸ್ಟಿಕ್ ಹಾಳೆ ಬಿಚ್ಚಿದೆ. ಮೊದಲು ಮೂಗಿಗೆ ಬಡಿದದ್ದು ಬ್ರೀ. ಬಾತ್‌ರೂಮ್ ತೊಳೆಯುವ ಅಮೋನಿಯಾ ಇರುತ್ತದಲ್ಲ, ಅದೇ ಘಾಟು. ಬಿಳಿ ಸಿಪ್ಪೆ ಕುಸಿದು, ಒಳಗಿನದು ಹರಿದು ದ್ರಾಕ್ಷಿಯ ಬುಡಕ್ಕೆ ಅಂಟಿಕೊಂಡಿತ್ತು. ಹದ ಮೀರಿ ಮಾಗಿದ ಬ್ರೀಯನ್ನು ಗಾಳಿಯಾಡದ ಹಾಗೆ ಸುತ್ತಿಟ್ಟರೆ ಹೀಗಾಗುತ್ತದಂತೆ. ಅದನ್ನು ಸುತ್ತಲಿನ ದ್ರಾಕ್ಷಿ ಸಮೇತ ಎತ್ತಿ ಕಸಕ್ಕೆ ಹಾಕಿದೆ.

ಆಮೇಲೆ ಒಂದು ಕ್ರ್ಯಾಕರ್ ತೆಗೆದುಕೊಂಡೆ. ಮುರಿಯಲು ಹೋದರೆ ಮುರಿಯಲಿಲ್ಲ, ಬಾಗಿತು! ಮಳೆಗಾಲದಲ್ಲಿ ಮುಚ್ಚಳ ಹಾಕದೆ ಮರೆತ ಹಪ್ಪಳದ ಹಾಗೆ. ಕ್ರ್ಯಾಕರ್ ಒಣ ಪದಾರ್ಥ, ಅಕ್ಕಪಕ್ಕದ ತೇವವನ್ನೆಲ್ಲ ಹೀರುತ್ತದೆ. ಅದನ್ನು ಚೀಸಿಗೂ ತೊಳೆದ ದ್ರಾಕ್ಷಿಗೂ ಒತ್ತಿ ಜೋಡಿಸಿ, ಮೇಲೆ ಹಾಳೆ ಸುತ್ತಿ, ನಾಲ್ಕೈದು ಗಂಟೆ ಬಿಟ್ಟರೆ ಇನ್ನೇನಾಗುತ್ತದೆ? ಒಗ್ಗರಣೆ ಅವಲಕ್ಕಿಗೆ ಬೆಳಿಗ್ಗೆಯೇ ಮಿಕ್ಸ್ಚರ್ ಉದುರಿಸಿಟ್ಟು ಸಂಜೆ ಬಡಿಸುವವರು ಯಾರಾದರೂ ಇದ್ದಾರಾ?

ಚೆಡ್ಡಾರ್, ಗೌಡಾ ತಿಂದು ನೋಡಿದೆ. ಒಂದನ್ನು ಚೌಕ ಕತ್ತರಿಸಿದ್ದರು, ಇನ್ನೊಂದನ್ನು ತ್ರಿಕೋನ. ರುಚಿ ಒಂದೇ, ಅದೇ ಉಪ್ಪು, ಅದೇ ರಬ್ಬರಿನಂಥ ನಯ. ಮಕ್ಕಳ ಸ್ಯಾಂಡ್‌ವಿಚ್ಚಿಗೆ ನಾವು ಹಾಕುವ ಪ್ರೊಸೆಸ್ಡ್ ಚೀಸೇ ಎರಡು ವೇಷ ಹಾಕಿ ಕೂತಿತ್ತು. ಪ್ರೊಸೆಸ್ಡ್ ಚೀಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನನ್ನ ಮಗನಿಗೆ ಅದೇ ಇಷ್ಟ. ಆದರೆ ಗೌಡಾದ ದುಡ್ಡು ತೆಗೆದುಕೊಂಡು ಅದನ್ನು ಕೊಡಬಾರದು ಅಲ್ವಾ?

ಸರಿಯಾಗಿದ್ದದ್ದು ಪಾರ್ಮೆಸಾನ್ ಒಂದೇ. ಗಟ್ಟಿ, ಉಪ್ಪುಪ್ಪು, ಪುಡಿಪುಡಿಯಾಗಿ ಉದುರುವಂಥದ್ದು. ಸದ್ಯ ಮರ್ಯಾದೆ ಉಳಿಯಿತು ಅಂದುಕೊಂಡು ಅದನ್ನೇ ತಟ್ಟೆಯ ಮಧ್ಯಕ್ಕೆ ಹರಡಿದೆ. ದೊಡ್ಡತ್ತೆ ಒಂದು ಚೂರು ಹಿಡಿದು, ತಿರುಗಿಸಿ ನೋಡಿದರು.

"ಇದೇನೇ ಇದು, ಸೋಪಿನ ಚೂರಿನ ಹಾಗಿದೆ? ಮೊಟ್ಟೆ ಗಿಟ್ಟೆ ಇಲ್ಲ ತಾನೇ?"

"ಇಲ್ಲ ಅತ್ತೆ, ಹಾಲಿಂದ ಮಾಡಿದ್ದು. ತಿನ್ನಿ."

ಎರಡು ಚೂರು ತಿಂದರು.

ಮರುದಿನ ಖಾಲಿ ಹಲಗೆಯನ್ನು ನಮ್ಮ ಮನೆಯವರು ಮೆಣಸು ತೂಗುವ ಸ್ಕೇಲಿನ ಮೇಲೆ ಇಟ್ಟರು. 1 ಕೆಜಿ 350 ಗ್ರಾಂ. 3 ಕೆಜಿ ಅಂದದ್ದು ಹಲಗೆಯೂ ಸೇರಿ! ಉಳಿದದ್ದರಲ್ಲಿ ದ್ರಾಕ್ಷಿ, ಕ್ರ್ಯಾಕರ್, ಗೋಡಂಬಿ ತೂಕ ಕಳೆದರೆ ಚೀಸ್ ಮುಕ್ಕಾಲು ಕೆಜಿ ಇದ್ದರೆ ಹೆಚ್ಚು. ಊಟಕ್ಕೆ ಮುಂಚೆ ಕೊಡುವುದಾದರೆ ತಲೆಗೆ 50 ಗ್ರಾಂ ಚೀಸ್ ಅಂತ ಲೆಕ್ಕ. ಮೂವತ್ತು ಜನಕ್ಕೆ ಒಂದೂವರೆ ಕೆಜಿ ಬೇಕಿತ್ತು.

ದುಡ್ಡು ವಾಪಸ್ ಕೇಳಿ ಮೆಸೇಜ್ ಮಾಡಿದೆ. ಮೊದಲು ಮಳೆಯ ಮೇಲೆ ಹಾಕಿದರು, ಆಮೇಲೆ ನಮ್ಮ ಫ್ರಿಜ್ ಮೇಲೆ. ನಾನು ಬಿಡದೆ, ಚೀಸ್ ಎಲ್ಲ ನಕಲಿ ಅಂದೆ. ಅವರಿಗೆ ಸಿಟ್ಟು ಬಂತು. "ನೋಡಿ ಮೇಡಂ, ನಾವು ಇಟಲಿ ಮಾಲೇ ಹಾಕೋದು" ಅಂತ ಪಾರ್ಮೆಸಾನ್ ಪ್ಯಾಕೆಟ್ಟಿನ ಫೋಟೋ ಕಳಿಸಿದರು. ಹಿಂದೆ ಮುಂದೆ ಎರಡೂ.

ಫೋಟೋ ದೊಡ್ಡದು ಮಾಡಿ ನೋಡಿದೆ. ಇಟಲಿಯದು ಅನ್ನುವುದು ನಿಜ. ಮೂಲೆಯಲ್ಲಿ ಕಂದು ಬಣ್ಣದ ಚೌಕ, ಅದರೊಳಗೆ ಕಂದು ತ್ರಿಕೋನ. ಹಸಿರು ಚುಕ್ಕಿ ಅಲ್ಲ. ಅಂದರೆ ನಾನ್‌ವೆಜ್.

ನನಗೆ ಕೈಕಾಲು ತಣ್ಣಗಾಯಿತು. ಆಮೇಲೆ ಓದಿ ತಿಳಿದುಕೊಂಡದ್ದು ಇಷ್ಟು. ಪನೀರಿಗೆ ನಾವು ನಿಂಬೆಹುಳಿ ಹಿಂಡಿ ಹಾಲು ಒಡೆಸುತ್ತೇವೆ. ಚೀಸಿಗೆ ಹಾಲು ಹೆಪ್ಪುಗಟ್ಟಲು ರೆನೆಟ್ ಅನ್ನುವುದನ್ನು ಹಾಕುತ್ತಾರೆ. ಹಳೆಯ ಕ್ರಮದಲ್ಲಿ ಅದನ್ನು ತೆಗೆಯುವುದು ಹಾಲು ಕುಡಿಯುವ ಎಳೆಗರುವಿನ ಹೊಟ್ಟೆಯಿಂದ. ಈಗ ಸೂಕ್ಷ್ಮಜೀವಿಗಳಿಂದ ಮಾಡಿದ ರೆನೆಟ್ಟೂ ಇದೆ. ನಮ್ಮ ದೇಶದಲ್ಲಿ ತಯಾರಾಗುವ ಚೀಸ್‌ಗಳಲ್ಲಿ ಸಾಮಾನ್ಯವಾಗಿ ಅದೇ ಇರುತ್ತದೆ, ಹಾಗಾಗಿ ಹಸಿರು ಚುಕ್ಕಿ ಸಿಗುತ್ತದೆ. ಆದರೆ ಇಟಲಿಯ ಅಸಲಿ ಪಾರ್ಮಿಜಾನೋ ರೆಜ್ಜಾನೋಗೆ ಕರುವಿನ ರೆನೆಟ್ಟೇ ಆಗಬೇಕು ಅಂತ ಅಲ್ಲಿ ನಿಯಮ ಇದೆ. ಚೀಸ್ ಎಷ್ಟು ಅಸಲಿಯೋ ನಮ್ಮ ದೊಡ್ಡತ್ತೆಗೆ ಅಷ್ಟು ದೂರ! ಆ ಹಲಗೆಯ ಮೇಲೆ ಅಪ್ಪಟ ಸಸ್ಯಾಹಾರ ಅಂತ ಇದ್ದದ್ದು ನಾನು ಬೈದುಕೊಂಡ ಆ ಪ್ರೊಸೆಸ್ಡ್ ಚೀಸೇ ಇರಬೇಕು.

ಅವರು ಬೇಕಂತ ಸುಳ್ಳು ಹೇಳಿದರು ಅಂತ ನನಗನ್ನಿಸುವುದಿಲ್ಲ. ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಫೋಟೋ ಕಳಿಸುತ್ತಿರಲಿಲ್ಲ. ಪ್ಯಾಕೆಟ್ ಕಣ್ಣ ಮುಂದೆ ಇಟ್ಟುಕೊಂಡೇ ಓದದೆ ಕತ್ತರಿಸಿದ್ದಾರೆ. ಪ್ಲ್ಯಾಟರ್‌ನ ತೊಂದರೆ ಇರುವುದೇ ಅಲ್ಲಿ. ಅಂಗಡಿಯಲ್ಲಿ ಐದು ರೂಪಾಯಿ ಬಿಸ್ಕತ್ತು ಕೊಂಡರೂ ತಾರೀಖು, ಚುಕ್ಕಿ, ಏನೇನು ಹಾಕಿದ್ದಾರೆ ಎಲ್ಲ ಬರೆದಿರುತ್ತದೆ. ಪ್ಲ್ಯಾಟರಿಗೆ ಬರುವಷ್ಟರಲ್ಲಿ ಎಲ್ಲ ಪ್ಯಾಕೆಟ್ ಬಿಚ್ಚಿ ಕಸದ ಬುಟ್ಟಿ ಸೇರಿರುತ್ತದೆ. ನಮ್ಮ ಕೈಗೆ ಬರುವುದು ಬರೀ ಚೂರು. ಬ್ರೀ ಯಾವ ತಾರೀಖಿನದೋ, ಗೌಡಾ ಗೌಡಾನೇ ಹೌದೋ, ಯಾವ ಚುಕ್ಕಿಯೋ, ಒಂದೂ ಗೊತ್ತಾಗುವುದಿಲ್ಲ.

ಹಾಗಾಗಿ ಮುಂಗಡ ಹಾಕುವ ಮುಂಚೆ ಜೋಡಿಸಿದ ಹಲಗೆಯ ಫೋಟೋ ನೋಡಿ ಮರುಳಾಗಬೇಡಿ. ನಿಮ್ಮ ಆರ್ಡರಿಗೆ ಬಳಸುವ ಒಂದೊಂದು ಪ್ಯಾಕೆಟ್ಟಿನ ಹಿಂಬದಿ ಫೋಟೋ ಕಳಿಸಿ ಅನ್ನಿ. ಕ್ರ್ಯಾಕರ್‌ದೂ ಕೇಳಿ. ಕಳಿಸಲು ಎಳೆದಾಡಿದರೆ ಅಲ್ಲಿಗೇ ಬಿಟ್ಟುಬಿಡಿ. ಆಹಾರ ಮಾರುವವರಿಗೆ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಎಫ್‌ಎಸ್‌ಎಸ್‌ಎಐ ನಂಬರ್ ಕೇಳಿ, 14 ಅಂಕಿ ಇರುತ್ತದೆ. ನಾನು ಕೊನೆಗೆ ಕೇಳಿದಾಗ "ಮನೇಲಿ ಮಾಡೋದಕ್ಕೆ ಅದೆಲ್ಲ ಬೇಡ ಮೇಡಂ" ಅಂದರು. ಮನೆಯಿಂದ ಮಾರುವವರಿಗೂ ನೋಂದಣಿ ಬೇಕು. ತೂಕ ಕೇಳುವಾಗ ಚೀಸ್ ಮಾತ್ರ ಎಷ್ಟು ಅಂತ ಕೇಳಿ. ಕ್ರ್ಯಾಕರ್ ಬೇರೆ ಡಬ್ಬದಲ್ಲಿ ಬರಲಿ, ಬಡಿಸುವ ಐದು ನಿಮಿಷ ಮುಂಚೆ ನೀವೇ ಜೋಡಿಸಿ. ದುಡ್ಡಿನ ಜಗಳಕ್ಕೆ ಗ್ರಾಹಕರ ಸಹಾಯವಾಣಿ 1915 ಇದೆ. ನಾನು ಅಲ್ಲಿಗೆ ಫೋನ್ ಮಾಡುತ್ತೇನೆ ಅಂದ ಮೇಲೆ 1,500 ರೂಪಾಯಿ ವಾಪಸ್ ಬಂತು. ಅಷ್ಟಕ್ಕೇ ಸುಮ್ಮನಾದೆ.

ಮಗನ ಹುಟ್ಟುಹಬ್ಬಕ್ಕೆ ಸುಮ್ನೆ ಮನೆಯಲ್ಲೇ ಮಾಡಿದೆ. ಹಸಿರು ಚುಕ್ಕಿ ನೋಡಿ ತಂದ ಚೆಡ್ಡಾರ್, ನಂದಿನಿ ಚೀಸ್, ಬಟ್ಟಲಲ್ಲಿ ಜೇನುತುಪ್ಪ. ಕ್ರ್ಯಾಕರ್ ಬದಲಿಗೆ ನಿಪ್ಪಟ್ಟು, ಅದೂ ಬಡಿಸುವ ಹೊತ್ತಿನವರೆಗೆ ಸ್ಟೀಲ್ ಡಬ್ಬದಲ್ಲೇ. ನಿಪ್ಪಟ್ಟಿನ ಖಾರಕ್ಕೂ ಚೆಡ್ಡಾರಿಗೂ ಎಷ್ಟು ಹೊಂದುತ್ತದೆ ಗೊತ್ತಾ? ಒಂದು ಚೂರೂ ಉಳಿಯಲಿಲ್ಲ.

ದೊಡ್ಡತ್ತೆಗೆ ಇನ್ನೂ ವಿಷಯ ಹೇಳಿಲ್ಲ. ಹೇಳಬೇಕು ಅಂತ ಎರಡು ಸಲ ಫೋನ್ ಎತ್ತಿಕೊಂಡು ಮತ್ತೆ ಇಟ್ಟೆ. ಹೋದ ವಾರ ಅವರೇ ಫೋನ್ ಮಾಡಿದರು. ಅದೂ ಇದೂ ಮಾತಾಡಿ, ಕೊನೆಗೆ, "ಆವತ್ತು ಕೊಟ್ಟಿದ್ಯಲ್ಲೇ, ಸೋಪಿನ ಚೂರಿನ ಥರದ್ದು, ಉಪ್ಪುಪ್ಪಾಗಿ ಚೆನ್ನಾಗಿತ್ತು. ಎಲ್ಲಿ ಸಿಗತ್ತೆ ಅದು?" ಅಂದರು.

"ಈಗ ಅದು ಬರ್ತಿಲ್ಲ ಅತ್ತೆ" ಅಂದೆ.