ಆದಿವಾಸಿ ಸಹಕಾರ ಸಂಘದ ಮಳಿಗೆಯ ಹೆಜ್ಜೇನು ತುಪ್ಪ: ರುಚಿ ಸರಿ, ಲೇಬಲ್ ಸಾಲದು

ನಾಗರಹೊಳೆ ಅಂಚಿನ ಹಾಡಿಗಳ ಜೇನುಕುರುಬರು ತೆಗೆದ ತುಪ್ಪ. ರುಚಿಗೆ ಪೂರ್ತಿ ಅಂಕ: ಕಡು ಕಂದು, ನುಂಗುವಾಗ ತುಸು ಒಗರು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ತುಪ್ಪಕ್ಕಿಂತ ತೆಳುವಾಗಿದೆ ಎಂದು ಕಲಬೆರಕೆ ಅನ್ನಬೇಡಿ. ಕೊಡಗಿನ ಗಾಳಿಯಲ್ಲಿ ತೇವ ಜಾಸ್ತಿ. ಹೆಜ್ಜೇನು ತುಪ್ಪದಲ್ಲಿ ನೀರಿನಂಶ ಶೇ. 20 ದಾಟುವುದುಂಟು. ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿಯೂ ಅಷ್ಟೇ, ಶೇ. 20.

ಮಳಿಗೆ ಎಡವಿರುವುದು ಇಲ್ಲೇ. ಲೇಬಲ್‌ನಲ್ಲಿ ಕೊಯ್ಲಿನ ತಿಂಗಳಿಲ್ಲ, ತೇವಾಂಶ ಎಷ್ಟೆಂದೂ ಇಲ್ಲ. ತೇವ ಹೆಚ್ಚಿದ್ದರೆ ತುಪ್ಪ ಹುದುಗುತ್ತದೆ. ಬಾಟಲಿಯ ಮೇಲ್ಗಡೆ ನೊರೆ, ಮುಚ್ಚಳ ತಿರುಗಿಸಿದರೆ ಬುಸ್ಸೆಂಬ ಸದ್ದು, ಹುಳಿ ವಾಸನೆ ಇದ್ದರೆ ತುಪ್ಪ ಹುದುಗಿದೆ ಎಂದೇ ಲೆಕ್ಕ. ಜೇನುಗೂಡಿನ ಎರಿಯನ್ನು ಇಡಿಯಾಗಿ ಹಿಂಡಿದರೆ ಮರಿಹುಳುಗಳ ರಸವೂ ಸೇರಿ ಇನ್ನೂ ಬೇಗ ಕೆಡುತ್ತದೆ. ಹೆಜ್ಜೇನಿನ ಎರಿಯಲ್ಲಿ ಕೊಂಬೆಗೆ ಅಂಟಿದ ದಪ್ಪ ಭಾಗದಲ್ಲಿ ತುಪ್ಪ, ಕೆಳಗೆ ಮರಿಗಳು. ಮೇಲಿನದನ್ನಷ್ಟೇ ಕೊಯ್ದು, ಮೇಣದ ಮುಚ್ಚಳ ಸೀಳಿ, ಬಟ್ಟೆಯಲ್ಲಿ ತಾನಾಗಿ ಸೋರಲು ಬಿಟ್ಟರೆ ತುಪ್ಪ ತಿಳಿಯಾಗುತ್ತದೆ, ಮರಿಗಳೂ ಉಳಿಯುತ್ತವೆ. ಸಂಘ ತೇವಾಂಶ ಅಳೆಯುವ ಒಂದು ರಿಫ್ರಾಕ್ಟೋಮೀಟರ್ ಇಟ್ಟುಕೊಂಡು ಪ್ರತಿ ಡಬ್ಬಿಯನ್ನೂ ಅಳೆದು ಬೇರ್ಪಡಿಸಿದರೆ ಅರ್ಧ ತೊಂದರೆ ತೀರಿತು.

ಬೆಲೆ ಅಂಗಡಿ ಜೇನಿಗಿಂತ ಹೆಚ್ಚು. ಚೌಕಾಸಿ ಬೇಡ: 2006ರ ಅರಣ್ಯ ಹಕ್ಕು ಕಾಯ್ದೆ ಜೇನು, ಮೇಣದಂಥ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನು ಜೇನುಕುರುಬರಂಥ ಅರಣ್ಯವಾಸಿಗಳಿಗೇ ಕೊಟ್ಟಿದೆ, ಆದರೆ ದಲ್ಲಾಳಿಗೆ ಸಗಟಾಗಿ ಮಾರಿದರೆ ಅದರಿಂದ ಕೈಗೆ ಹತ್ತುವುದು ಅಷ್ಟಕ್ಕಷ್ಟೇ.

ಕಾಲು ಕಿಲೋ ಬಾಟಲಿಯೇ ಸಾಕು. ಒಣ ಚಮಚ ಬಳಸಿ, ತೆರೆದ ಮೇಲೆ ಫ್ರಿಜ್‌ನಲ್ಲಿಡಿ.