ಎನ್‌ಎಫ್‌ಎಲ್ ರಕ್ತಪರೀಕ್ಷೆ: ಸ್ಯಾಂಪಲ್ ಚೊಕ್ಕ, ರಿಪೋರ್ಟ್ ಅರ್ಧಂಬರ್ಧ

ತುಮಕೂರು ಬಿ.ಎಚ್. ರಸ್ತೆಯ ಈ ಕಲೆಕ್ಷನ್ ಸೆಂಟರ್‌ನವರದು ಪಳಗಿದ ಕೈ. ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬನ್ನು ಕುಲುಕದೆ ಎಂಟ್ಹತ್ತು ಸಲ ಮೆಲ್ಲಗೆ ತಿರುವಿ, ರಕ್ತದ ದ್ರವಭಾಗವಾದ ಪ್ಲಾಸ್ಮಾ ಬೇರ್ಪಡಿಸಿ, ಐಸ್‌ನಲ್ಲಿಟ್ಟು ಬೆಂಗಳೂರಿಗೆ ಕಳಿಸುತ್ತಾರೆ. ತಕರಾರೆಲ್ಲ ರಿಪೋರ್ಟಿನದು. ಎನ್‌ಎಫ್‌ಎಲ್ ಅಂದರೆ ನ್ಯೂರೋಫಿಲಮೆಂಟ್ ಲೈಟ್ ಚೈನ್, ನರತಂತು ಹಾಳಾದಾಗ ರಕ್ತಕ್ಕೆ ಸೇರುವ ಪ್ರೋಟೀನು. ಆರೋಗ್ಯವಂತರಲ್ಲೂ ವಯಸ್ಸಾದಂತೆ ಏರುತ್ತದೆ, 60 ದಾಟಿದ ಮೇಲಂತೂ ಇನ್ನೂ ಜೋರಾಗಿ. ಇವರು ಮಾತ್ರ 30ರ ಹುಡುಗನಿಗೂ 75ರ ಅಜ್ಜಿಗೂ ಒಂದೇ ಮಿತಿ ಅಚ್ಚು ಹಾಕುತ್ತಾರೆ! ಕಿಡ್ನಿ ಸೊರಗಿದ್ದರೆ ಅಂಕಿ ಮೇಲಕ್ಕೆ, ಮೈತೂಕ ಹೆಚ್ಚಿದ್ದರೆ ಕೆಳಕ್ಕೆ ಜಾರುತ್ತದೆ. ಫಾರ್ಮಿನಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆಯೆಂದು ತೋರಿಸುವ ಅಂಕಿ), ತೂಕ ಎರಡಕ್ಕೂ ಜಾಗವಿಲ್ಲ. ಮರುಪರೀಕ್ಷೆಗೆ ಅದೇ ಲ್ಯಾಬ್, ಅದೇ ವಿಧಾನ ಕೇಳಿ. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಅಂಕಿಯನ್ನು ಪ್ಲಾಸ್ಮಾ ಅಂಕಿಯ ಪಕ್ಕ ಇಡಬೇಡಿ, ಸೀರಂನಲ್ಲಿ ತುಸು ಹೆಚ್ಚೇ ಬರುತ್ತದೆ. ಸ್ಯಾಂಪಲ್ಲಿಗೆ 4 ಸ್ಟಾರ್, ರಿಪೋರ್ಟಿಗೆ 2.